ಕೂರಿಗೆ ಬಿತ್ತನೆ ಭತ್ತ: ನೀರು, ಮಣ್ಣು ಮತ್ತು ಸಮಯ ಉಳಿಸುವ ಬೇಸಾಯ ಕ್ರಮ



ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯು ಮುನಿರಾಬಾದಿನಿಂದ ಹೊರಟು, ಕೊಪ್ಪಳ ಜಿಲ್ಲೆಯ ಗದ್ದೆಗಳನ್ನು ದಾಟಿ, 227 ಕಿ.ಮೀ. ಹರಿದು ನಮ್ಮ ರಾಯಚೂರು ಜಿಲ್ಲೆಯಲ್ಲಿ ಕೊನೆಗೊಳ್ಳುತ್ತದೆ. ಮಾನ್ವಿ, ಸಿರವಾರ ಮತ್ತು ರಾಯಚೂರು ತಾಲ್ಲೂಕುಗಳ ಕೊನೆಭಾಗದ ರೈತರು ಈ ಕಾಲುವೆಯ ನೀರಿಗಾಗಿ ಪ್ರತಿ ವರ್ಷವೂ ಕಾಯುತ್ತಾರೆ. ಸಸಿ ಮಡಿಯಲ್ಲಿ ಸಸಿ ಬಲಿತು ಹೋಗುತ್ತದೆ, ಕೂಲಿಯಾಳುಗಳು ಬೇರೆ ಊರಿಗೆ ತೆರಳುತ್ತಾರೆ, ನೀರು ಬಂದಾಗ ಹಂಗಾಮಿನ ಅರ್ಧ ಕಳೆದಿರುತ್ತದೆ. ಈ ಯೋಜನೆಯನ್ನು ರೂಪಿಸಿದಾಗ ಜೋಳ, ಹತ್ತಿ, ಶೇಂಗಾದಂತಹ ಕಡಿಮೆ ನೀರು ಬೇಡುವ ಬೆಳೆಗಳಿಗೆ ಹೆಚ್ಚಿನ ಕ್ಷೇತ್ರವನ್ನು ಗೊತ್ತುಪಡಿಸಲಾಗಿತ್ತು. ಕಾಲಕ್ರಮದಲ್ಲಿ ಭತ್ತವೇ ಪ್ರಧಾನ ಬೆಳೆಯಾಯಿತು. ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ ಇದ್ದುದು, ಹೂಳು ತುಂಬಿದ ಕಾರಣ ಈಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. 2023ರ ಬರ ಹಾಗೂ 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದ ಘಟನೆಯು ಕಾಲುವೆಯ ನೀರನ್ನು ಎಂದಿಗೂ ಖಚಿತವೆಂದು ಭಾವಿಸಬಾರದೆಂಬುದನ್ನು ನೆನಪಿಸಿವೆ.

ಈ ಹಿನ್ನೆಲೆಯಲ್ಲಿ, ಸಸಿ ಮಡಿ, ಕೆಸರು ಉಳುಮೆ ಮತ್ತು ನಾಟಿ ಇವು ಮೂರೂ ಇಲ್ಲದೆ, ಭತ್ತದ ಬೀಜವನ್ನು ಕೂರಿಗೆಯಿಂದ ನೇರವಾಗಿ ಬಿತ್ತುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಈ ಕ್ರಮದಿಂದ ಆಗುವ ಉಳಿತಾಯದಷ್ಟೇ, ಅದು ವಿಫಲವಾಗುವ ಸಂದರ್ಭಗಳನ್ನೂ ರೈತರು ಅರಿತಿರುವುದು ಅವಶ್ಯಕ.

ಇದು ಹೊಸ ಪದ್ಧತಿಯಲ್ಲ

ಕೂರಿಗೆ ಭತ್ತ ಕನ್ನಡ ನಾಡಿಗೆ ಅಪರಿಚಿತವಲ್ಲ. ಧಾರವಾಡ, ಹಾವೇರಿ ಮತ್ತು ಬೆಳಗಾವಿ ಜಿಲ್ಲೆಗಳ ಮಲೆನಾಡಿನ ಅಂಚಿನ ಪ್ರದೇಶಗಳಲ್ಲಿಯೂ, ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ ಭಾಗದಲ್ಲಿಯೂ ಮುಂಗಾರಿನ ಮೊದಲ ಹದ ಮಳೆಗೆ ಎತ್ತಿನ ಕೂರಿಗೆಯಿಂದ ಭತ್ತ ಬಿತ್ತುವುದು ತಲೆಮಾರುಗಳಿಂದ ನಡೆದುಬಂದಿದೆ. ಸಾಲಿನ ನಡುವೆ ಎಡೆಕುಂಟೆ ಹೊಡೆದು ಕಳೆ ತೆಗೆಯುವುದೂ ಅಲ್ಲಿನ ವಾಡಿಕೆ. ಅದೇ ತತ್ವವನ್ನು ಟ್ರ್ಯಾಕ್ಟರ್ ಚಾಲಿತ ಬೀಜ ಮತ್ತು ಗೊಬ್ಬರದ ಕೂರಿಗೆ, ಲೇಸರ್ ಸಮತಟ್ಟು ಯಂತ್ರ ಹಾಗೂ ಕಳೆನಾಶಕಗಳ ನೆರವಿನಿಂದ ನೀರಾವರಿ ಪ್ರದೇಶಕ್ಕೆ ಹೊಂದಿಸಿರುವುದೇ ಇಂದಿನ ನೇರ ಬಿತ್ತನೆ ಕ್ರಮ.

ಕೆಸರು ಉಳುಮೆಯಲ್ಲಿ ಏನಾಗುತ್ತದೆ?

ನಾಟಿ ಪದ್ಧತಿಯಲ್ಲಿ ಗದ್ದೆಗೆ ನೀರು ನಿಲ್ಲಿಸಿ, ಟ್ರ್ಯಾಕ್ಟರಿಗೆ ಕೇಜ್ ವೀಲ್ ಕಟ್ಟಿ ಮಣ್ಣನ್ನು ಕಲಸಲಾಗುತ್ತದೆ. ಇದರಿಂದ ಮೂರು ಪ್ರಯೋಜನಗಳಿವೆ: ಕಳೆ ಮುಳುಗಿ ಸಾಯುತ್ತದೆ, ಸಸಿ ನೆಡಲು ಮಣ್ಣು ಮೃದುವಾಗುತ್ತದೆ, ನೀರು ಕೆಳಗೆ ಇಂಗುವುದು ಕಡಿಮೆಯಾಗುತ್ತದೆ. ಹಿರಿಯರು ಈ ಕ್ರಮವನ್ನು ಸುಮ್ಮನೆ ಅನುಸರಿಸಿಕೊಂಡು ಬಂದಿಲ್ಲ.

ಆದರೆ ಇದಕ್ಕೆ ತೆರುವ ಬೆಲೆಯೂ ದೊಡ್ಡದು. ಕೆಸರು ಉಳುಮೆಗೆ ಮಾತ್ರವೇ ಸುಮಾರು 150ರಿಂದ 250 ಮಿ.ಮೀ. ನೀರು ಬೇಕಾಗುತ್ತದೆ. ಒಂದು ಎಕರೆಯಲ್ಲಿ ಒಂದು ಅಂಗುಲ ನೀರು ನಿಂತರೆ ಅದು ಸುಮಾರು 1 ಲಕ್ಷ ಲೀಟರ್. ಎಂಟು ಅಂಗುಲವೆಂದರೆ, ಅಂದರೆ 200 ಮಿ.ಮೀ. ಎಂದರೆ, ಎಕರೆಗೆ 8 ಲಕ್ಷ ಲೀಟರ್. ಬೆಳೆಯ ಒಂದು ಬೇರೂ ಇನ್ನೂ ಹೊಲ ಸೇರಿರದ ಹೊತ್ತಿಗೆ ಇಷ್ಟು ನೀರು ಖರ್ಚಾಗಿರುತ್ತದೆ. ಈ ಲೆಕ್ಕದಂತೆ ಒಂದು ಟಿಎಂಸಿ ಅಡಿ ನೀರು ಸುಮಾರು 35 ಸಾವಿರ ಎಕರೆಯ ಕೆಸರು ಉಳುಮೆಗೇ ಮುಗಿದುಹೋಗುತ್ತದೆ. ಕಾಲುವೆಯ ಮೇಲ್ಭಾಗದಲ್ಲಿ ಎಲ್ಲರೂ ಒಂದೇ ವಾರದಲ್ಲಿ ಕೆಸರು ಮಾಡಲು ಹೊರಟಾಗ ಕೊನೆಭಾಗದ ತೂಬಿಗೆ ನೀರು ಬಾರದಿರುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಎರಡನೆಯದಾಗಿ, ವರ್ಷಕ್ಕೆರಡು ಬಾರಿ ಕಲಸಿದ ಮಣ್ಣಿನ ಕಣರಚನೆ ಹಾಳಾಗಿ, ಮೇಲ್ಪದರದ ಕೆಳಗೆ ಗಟ್ಟಿ ಪದರ ಉಂಟಾಗುತ್ತದೆ. ಭತ್ತದ ನಂತರ ಬಿತ್ತುವ ಕಡಲೆಯಂತಹ ಬೆಳೆಯ ಬೇರು ಆ ಪದರವನ್ನು ಸೀಳಿ ಇಳಿಯಲಾರದು. ಎರೆ ಭೂಮಿಯು ಒಣಗಿದಾಗ ದೊಡ್ಡ ಹೆಂಟೆಗಳೇಳುತ್ತವೆ. ಅವನ್ನು ಒಡೆಯಲು ಮತ್ತೆ ಡೀಸೆಲ್ ಖರ್ಚು ಮಾಡಬೇಕಾಗುತ್ತದೆ. ಮೂರನೆಯದಾಗಿ, ಸದಾ ನೀರು ನಿಂತ ಗದ್ದೆಯಿಂದ ಮೀಥೇನ್ ಅನಿಲ ಹೊರಬರುತ್ತದೆ. ನಮ್ಮ ಅಚ್ಚುಕಟ್ಟಿನಲ್ಲಿ ಜವುಳು ಮತ್ತು ಸವುಳು ಹರಡಲು ನಿರಂತರ ನೀರು ನಿಲುಗಡೆಯೂ ಕಾರಣವಾಗಿದೆ.

ಉತ್ತರದ ಗೋಧಿ ಹೊಲಗಳ ಪಾಠ

ಉಳುಮೆ ಕಡಿಮೆ ಮಾಡುವ ಕ್ರಮಗಳು ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಹರಡಿದ್ದು ಪಂಜಾಬ್, ಹರಿಯಾಣ ಮತ್ತು ಉತ್ತರ ಪ್ರದೇಶದ ಭತ್ತ–ಗೋಧಿ ಪ್ರದೇಶದಲ್ಲಿ. ಅಲ್ಲಿ ಭತ್ತದ ಕಟಾವಿನ ನಂತರ ಹಲವು ಬಾರಿ ಉತ್ತು ಗೋಧಿ ಬಿತ್ತುವಷ್ಟರಲ್ಲಿ ನವೆಂಬರ್ ಕಳೆದುಹೋಗುತ್ತಿತ್ತು. ಸಕಾಲ ಮೀರಿದ ಪ್ರತಿ ದಿನಕ್ಕೆ ಗೋಧಿಯ ಇಳುವರಿ ಸುಮಾರು ಶೇ. 1ರಷ್ಟು ಕುಸಿಯುತ್ತದೆ. 1990ರ ದಶಕದಲ್ಲಿ ಹರಿಯಾಣದ ಗೋಧಿ ಹೊಲಗಳ ಗುಲ್ಲಿ ದಂಡಾ ಎಂಬ ಕಳೆಯು ರೂಢಿಯ ಕಳೆನಾಶಕಕ್ಕೆ ಬಗ್ಗದಂತಾದಾಗ, ರೈತರು ಉಳುಮೆಯಿಲ್ಲದೆ ಭತ್ತದ ಕೂಳೆಯ ನಡುವೆಯೇ ಗೋಧಿ ಬಿತ್ತುವ ಶೂನ್ಯ ಬೇಸಾಯದ ಕೂರಿಗೆಯನ್ನು ಅಳವಡಿಸಿಕೊಂಡರು. ಮಣ್ಣನ್ನು ಕದಡದ ಕಾರಣ ಕಳೆಯೂ ಕಡಿಮೆ ಹುಟ್ಟಿತು, ಡೀಸೆಲ್ಲೂ ಉಳಿಯಿತು, ಬಿತ್ತನೆಯೂ ಮುಂಚಿತವಾಯಿತು. ಮುಂದೆ ಹುಲ್ಲನ್ನು ಸುಡದೆ ಅದರ ನಡುವೆ ಬಿತ್ತುವ ಹ್ಯಾಪಿ ಸೀಡರ್ ಯಂತ್ರವೂ ಬಂದಿತು.

ಅದೇ ಪಂಜಾಬ್ ನಮಗೆ ಎಚ್ಚರಿಕೆಯನ್ನೂ ನೀಡಿದೆ. 2020ರಲ್ಲಿ ಕೊರೊನಾ ಕಾರಣದಿಂದ ನಾಟಿಯ ಕೂಲಿಯಾಳುಗಳು ಬಾರದೇ ಹೋದಾಗ, ಅಲ್ಲಿ ಭತ್ತದ ನೇರ ಬಿತ್ತನೆ ಒಮ್ಮೆಲೇ ಲಕ್ಷಾಂತರ ಎಕರೆಗೆ ವಿಸ್ತರಿಸಿತು. 2022ರಲ್ಲಿ ಅಲ್ಲಿನ ಸರ್ಕಾರ ಎಕರೆಗೆ 1,500 ರೂಪಾಯಿ ಪ್ರೋತ್ಸಾಹಧನ ಘೋಷಿಸಿದರೂ ಕ್ಷೇತ್ರವು ನಿರೀಕ್ಷಿತ ಮಟ್ಟಕ್ಕೆ ಏರಲಿಲ್ಲ. ಕಳೆಯ ಕಾಟ, ಇಲಿಗಳ ಹಾವಳಿ, ಹಗುರ ಮಣ್ಣಿನಲ್ಲಿ ಕಬ್ಬಿಣಾಂಶದ ಕೊರತೆ ಇವುಗಳನ್ನು ಅನುಭವಿಸಿದ ಅನೇಕರು ನಾಟಿಗೆ ಮರಳಿದರು. ಭೂಮಿಯ ಆಯ್ಕೆ ಮತ್ತು ಕಳೆ ನಿರ್ವಹಣೆಯಲ್ಲಿ ತಪ್ಪಿದರೆ ಪ್ರೋತ್ಸಾಹಧನದಿಂದಲೂ ಈ ಪದ್ಧತಿ ನಿಲ್ಲದು ಎಂಬುದೇ ಇದರ ಸಾರ.

ನಮ್ಮ ಜಿಲ್ಲೆಗೆ ಆಗುವ ಮುಖ್ಯ ಪ್ರಯೋಜನ: ಸಮಯ

ಕಾಲುವೆಗೆ ನೀರು ಬಹುತೇಕ ವರ್ಷಗಳಲ್ಲಿ ಜುಲೈ ಕೊನೆ ಅಥವಾ ಆಗಸ್ಟ್ ತಿಂಗಳಲ್ಲಿ ಬಿಡುಗಡೆಯಾಗುತ್ತದೆ. ನಾಟಿ ಮಾಡುವ ರೈತರು ಅಲ್ಲಿಯವರೆಗೆ ಕಾಯಲೇಬೇಕು. ಕೂರಿಗೆಯಿಂದ ಬಿತ್ತುವವರು ಜೂನ್ ಮತ್ತು ಜುಲೈ ತಿಂಗಳ ಮಳೆಯನ್ನೇ ಬಳಸಿಕೊಂಡು ಬೆಳೆ ಎಬ್ಬಿಸಬಹುದು. ಕಾಲುವೆ ನೀರು ಬರುವ ಹೊತ್ತಿಗೆ ಪೈರು ಒಂದು ತಿಂಗಳದ್ದಾಗಿರುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಸುಮಾರು 125 ದಿನಗಳ ಆರ್‌ಎನ್‌ಆರ್-15048 ತಳಿಯನ್ನು ಜೂನ್ 25ರಂದು ಕೂರಿಗೆಯಿಂದ ಬಿತ್ತಿದರೆ ಅಕ್ಟೋಬರ್ ಕೊನೆಯ ವಾರದಲ್ಲಿ ಕಟಾವಿಗೆ ಬರುತ್ತದೆ. ಸುಮಾರು 150 ದಿನಗಳ ಬಿಪಿಟಿ-5204 ತಳಿಗೆ ಜುಲೈ ಕೊನೆಯಲ್ಲಿ ಮಡಿ ಹಾಕಿ, ಆಗಸ್ಟ್ ಕೊನೆಯಲ್ಲಿ ನಾಟಿ ಮಾಡಿದರೆ ಕಟಾವು ಡಿಸೆಂಬರ್ ಕೊನೆಗೆ ಹೋಗುತ್ತದೆ. ಮೊದಲನೆಯ ರೈತರಿಗೆ ಉಳಿದ ತೇವದಲ್ಲಿಯೇ ಕಡಲೆ ಬಿತ್ತಲು ಅವಕಾಶವಿದೆ. ಎರಡನೆಯವರಿಗೆ ಆ ಹದ ಕಳೆದುಹೋಗಿರುತ್ತದೆ. ಎರಡನೆಯ ಬೆಳೆಗೆ ಕಾಲುವೆ ನೀರು ದೊರೆಯದ ವರ್ಷಗಳಲ್ಲಿ ಈ ಎರಡು ತಿಂಗಳ ಅಂತರವೇ ಹಿಂಗಾರಿನ ಆದಾಯವನ್ನು ನಿರ್ಧರಿಸುತ್ತದೆ.

ನೀರಿನ ಉಳಿತಾಯವು ಮಣ್ಣು, ಮಳೆ ಮತ್ತು ನಿರ್ವಹಣೆಯನ್ನು ಅವಲಂಬಿಸಿ ಬದಲಾಗುತ್ತದೆ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಶೇ. 15ರಿಂದ 30ರಷ್ಟು ಕಂಡುಬಂದಿದೆ. ನಾಟಿಗೆ ಎಕರೆಗೆ ಸುಮಾರು 25 ಕೆ.ಜಿ. ಬೀಜ ಬೇಕಾದರೆ, ಕೂರಿಗೆ ಬಿತ್ತನೆಗೆ 8ರಿಂದ 12 ಕೆ.ಜಿ. ಸಾಕಾಗುತ್ತದೆ. ಸಸಿ ಕಿತ್ತು ನೆಡುವ ಆಘಾತವಿಲ್ಲದ ಕಾರಣ ಬೆಳೆಯು ಏಳರಿಂದ ಹತ್ತು ದಿನ ಮುಂಚಿತವಾಗಿ ಮಾಗುತ್ತದೆ. ಉತ್ತಮ ನಿರ್ವಹಣೆಯಿದ್ದಲ್ಲಿ ಇಳುವರಿಯು ನಾಟಿಗೆ ಸರಿಸಮವಾಗಿರುತ್ತದೆ. ಇಳುವರಿ ಹೆಚ್ಚುತ್ತದೆ ಎಂಬ ನಿರೀಕ್ಷೆಯಿಂದ ಈ ಕ್ರಮವನ್ನು ಕೈಗೊಳ್ಳುವುದು ಸೂಕ್ತವಲ್ಲ. ಲಾಭವಿರುವುದು ಖರ್ಚಿನ ಇಳಿಕೆಯಲ್ಲಿ ಮತ್ತು ಸಮಯದ ಗಳಿಕೆಯಲ್ಲಿ.

ಯಾವ ಭೂಮಿಗೆ ಸೂಕ್ತ, ಯಾವುದಕ್ಕೆ ಅಲ್ಲ?

ಮಧ್ಯಮ ಹಾಗೂ ಆಳವಾದ ಎರೆ ಭೂಮಿ, ನೀರು ಬಸಿದುಹೋಗಲು ಬಸಿಗಾಲುವೆಯಿರುವ ಹೊಲಗಳು ಈ ಕ್ರಮಕ್ಕೆ ಸೂಕ್ತ. ಕೆಳಕಂಡ ಭೂಮಿಗಳಲ್ಲಿ ಕೂರಿಗೆ ಬಿತ್ತನೆಯನ್ನು ಕೈಗೊಳ್ಳಬಾರದು:

• ಮೇಲಿನ ಗದ್ದೆಗಳ ಬಸಿ ನೀರು ಸದಾ ನಿಲ್ಲುವ ತಗ್ಗು ಪ್ರದೇಶ. ಇಲ್ಲಿ ಬೀಜ ಕೊಳೆಯುತ್ತದೆ.
• ಬಿಳಿ ಉಪ್ಪು ಮೇಲೆದ್ದ ಸವುಳು ಭೂಮಿ. ಎಳೆಯ ಸಸಿಯ ಹಂತದಲ್ಲಿ ಭತ್ತ ಉಪ್ಪನ್ನು ತಾಳಲಾರದು.
• ಮರಳು ಹೆಚ್ಚಿರುವ ಹಗುರ ಮಣ್ಣು. ನೀರು ಬೇಗ ಇಂಗುವುದಲ್ಲದೆ ಕಬ್ಬಿಣಾಂಶದ ಕೊರತೆ ತೀವ್ರವಾಗುತ್ತದೆ.
• ಹಿಂದಿನ ವರ್ಷ ಕಳೆಭತ್ತ ಅಥವಾ ಜೇಕು ವಿಪರೀತವಾಗಿದ್ದ ಹೊಲ.

ಬಿತ್ತನೆಯ ಸಿದ್ಧತೆ

1. ಸಮತಟ್ಟು ಮಾಡುವುದು: ಇದು ಮೊದಲ ಮತ್ತು ಅತಿ ಮುಖ್ಯ ಹೆಜ್ಜೆ. ಹೊಲದಲ್ಲಿ ಏರುತಗ್ಗು ಇದ್ದರೆ ದಿಬ್ಬದಲ್ಲಿ ಕಳೆ, ತಗ್ಗಿನಲ್ಲಿ ಕೊಳೆತ ಬೀಜ ಎಂಬಂತಾಗುತ್ತದೆ. ಲೇಸರ್ ಯಂತ್ರದಿಂದ ಒಮ್ಮೆ ಸಮತಟ್ಟು ಮಾಡಿದರೆ ಅದರ ಪ್ರಯೋಜನ ಹಲವು ವರ್ಷ ಉಳಿಯುತ್ತದೆ.

2. ಬಿತ್ತನೆಗೆ ಮೊದಲೇ ಕಳೆ ಕಳೆಯುವುದು: ಮೊದಲ ಮಳೆಗೆ ಅಥವಾ ಲಭ್ಯವಿದ್ದರೆ ಒಂದು ತೆಳು ನೀರಿಗೆ ಕಳೆ ಮೊಳೆಯಲು ಬಿಟ್ಟು, ನಂತರ ಕುಂಟೆಯಿಂದ ಮೇಲ್ಮೇಲೆ ಹರಗಬೇಕು. ಆಳವಾಗಿ ಉಳುಮೆ ಮಾಡಿದರೆ ಕೆಳಗಿನ ಕಳೆ ಬೀಜಗಳು ಮೇಲೆ ಬರುತ್ತವೆ.

3. ಬೀಜ: ಪ್ರಮಾಣೀಕೃತ ಬೀಜವನ್ನೇ ಬಳಸಬೇಕು. ಮನೆಯ ಬೀಜದಲ್ಲಿ ಕಳೆಭತ್ತ ಬೆರೆತಿದ್ದರೆ, ನೇರ ಬಿತ್ತನೆಯಲ್ಲಿ ಅದನ್ನು ಗುರುತಿಸಿ ಕೀಳುವುದು ಕಷ್ಟ. ಕಳೆನಾಶಕಕ್ಕೂ ಅದು ಬಗ್ಗದು. ಪ್ರತಿ ಕೆ.ಜಿ. ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಮ್ ಬೆರೆಸಿ ಉಪಚರಿಸಬೇಕು.

4. ಬಿತ್ತುವುದು: ಸಾಲಿನಿಂದ ಸಾಲಿಗೆ 20ರಿಂದ 22 ಸೆಂ.ಮೀ. ಅಂತರವಿರಲಿ. ಹದವಾದ ಮಣ್ಣಿನಲ್ಲಿ ಬೀಜವು 2ರಿಂದ 3 ಸೆಂ.ಮೀ. ಆಳದಲ್ಲಿ ಬೀಳಬೇಕು. ಇದಕ್ಕಿಂತ ಆಳಕ್ಕೆ ಬಿದ್ದ ಬೀಜ, ಅದರಲ್ಲೂ ಗಿಡ್ಡ ತಳಿಗಳ ಬೀಜ, ಮೇಲೆ ಬರಲಾರದು. ಕೂರಿಗೆಯನ್ನು ಹೊಲಕ್ಕೆ ಇಳಿಸುವ ಮೊದಲು ಗಟ್ಟಿ ನೆಲದ ಮೇಲೆ ಸ್ವಲ್ಪ ದೂರ ಓಡಿಸಿ, ಪ್ರತಿ ತಾಳಿನಿಂದ ಬೀಜ ಸಮನಾಗಿ ಬೀಳುತ್ತಿದೆಯೇ ಎಂದು ಪರೀಕ್ಷಿಸಬೇಕು. ಬಿತ್ತಿದ ಮರುದಿನಗಳಲ್ಲಿ ಭಾರೀ ಮಳೆ ಬಂದರೆ ನೀರು ನಿಲ್ಲದಂತೆ ಬಸಿದು ತೆಗೆಯಬೇಕು.

ಮೊದಲ ಮೂವತ್ತು ದಿನಗಳು

ಕೂರಿಗೆ ಭತ್ತದ ಯಶಸ್ಸು ಅಥವಾ ವೈಫಲ್ಯ ಈ ಅವಧಿಯಲ್ಲಿಯೇ ತೀರ್ಮಾನವಾಗುತ್ತದೆ. ನಾಟಿ ಗದ್ದೆಯಲ್ಲಿ ಇಪ್ಪತ್ತೈದು ದಿನಗಳ ಸಸಿಯು ನೀರು ನಿಂತ ನೆಲದಲ್ಲಿ ಕಳೆಗಿಂತ ಮುಂದಿರುತ್ತದೆ. ಕೂರಿಗೆ ಹೊಲದಲ್ಲಿ ಭತ್ತ ಮತ್ತು ಕಳೆ ಒಂದೇ ದಿನ ಮೊಳೆಯುತ್ತವೆ. ಆದುದರಿಂದ ಕೆಳಗಿನ ಕ್ರಮಗಳನ್ನು ದಿನ ತಪ್ಪದೆ ಅನುಸರಿಸಬೇಕು.

• ಬಿತ್ತನೆಯಾದ ಮೂರು ದಿನಗಳೊಳಗೆ, ಮಣ್ಣಿನಲ್ಲಿ ತೇವವಿರುವಾಗ, ಪೆಂಡಿಮೆಥಾಲಿನ್ ಶೇ. 30 ಇ.ಸಿ. ಕಳೆನಾಶಕವನ್ನು ಎಕರೆಗೆ 1.3 ಲೀಟರಿನಂತೆ 200 ಲೀಟರ್ ನೀರಿನಲ್ಲಿ ಬೆರೆಸಿ ಸಿಂಪಡಿಸಬೇಕು. ಒಣ ಮಣ್ಣಿನಲ್ಲಿ ಬಿತ್ತಿ ಮಳೆಗೆ ಕಾಯುತ್ತಿರುವವರು ಮಣ್ಣು ನೆನೆದ ನಂತರವೇ ಸಿಂಪಡಿಸಬೇಕು. ತೇವವಿಲ್ಲದಿದ್ದರೆ ಔಷಧಿ ಕೆಲಸ ಮಾಡದು.
• 15ರಿಂದ 25 ದಿನಗಳ ನಡುವೆ, ಕಳೆಯು ಎರಡರಿಂದ ನಾಲ್ಕು ಎಲೆಯ ಹಂತದಲ್ಲಿರುವಾಗ, ಬಿಸ್‌ಪೈರಿಬ್ಯಾಕ್ ಸೋಡಿಯಂ ಶೇ. 10 ಎಸ್.ಸಿ. ಯನ್ನು ಎಕರೆಗೆ 100 ಮಿ.ಲೀ. ಪ್ರಮಾಣದಲ್ಲಿ ಸಿಂಪಡಿಸಬಹುದು. ಸಿಂಪಡಿಸುವಾಗ ನಿಂತ ನೀರನ್ನು ಬಸಿದು, ಎರಡು ಮೂರು ದಿನಗಳೊಳಗೆ ಮತ್ತೆ ನೀರು ಕೊಡಬೇಕು.
• 30ರಿಂದ 35 ದಿನಗಳಲ್ಲಿ ಎಡೆಕುಂಟೆ ಹೊಡೆದು, ಉಳಿದ ಕಳೆಯನ್ನು ಕೈಯಿಂದ ತೆಗೆಸಬೇಕು. ಕಳೆನಾಶಕವೊಂದನ್ನೇ ನಂಬಿ ಕೈಗಳೆಯನ್ನು ಕೈಬಿಡಬಾರದು. ಪ್ರತಿ ವರ್ಷ ಒಂದೇ ಔಷಧಿಯನ್ನು ಬಳಸಿದರೆ, ಗೋಧಿಯ ಗುಲ್ಲಿ ದಂಡಾದಂತೆ ಇಲ್ಲಿಯೂ ಬಗ್ಗದ ಕಳೆ ಹುಟ್ಟಿಕೊಳ್ಳುತ್ತದೆ.

ಸಿಂಪಡಣೆಗೆ ಬೀಸಣಿಗೆಯಾಕಾರದಲ್ಲಿ ಹರಡುವ ಚಪ್ಪಟೆ ನಾಜಲ್ ಬಳಸಬೇಕು. ಗಾಳಿ ಜೋರಾಗಿರುವಾಗ ಸಿಂಪಡಿಸಬಾರದು. ಕೈಗವಸು, ಮುಖಗವಸು ಧರಿಸಬೇಕು. ಡಬ್ಬಿಯ ಮೇಲಿನ ಸೂಚನೆಯನ್ನು ಓದಿ ಅಥವಾ ಓದಿಸಿ ತಿಳಿದುಕೊಳ್ಳಬೇಕು. ಖಾಲಿ ಡಬ್ಬಿಗಳನ್ನು ಕಾಲುವೆಯಲ್ಲಿ ತೊಳೆಯಬಾರದು.

ಇದೇ ಅವಧಿಯಲ್ಲಿ ಎಳೆಯ ಎಲೆಗಳು ಹಳದಿಯಾಗಿ, ಕ್ರಮೇಣ ಬೆಳ್ಳಗಾದರೆ ಅದು ಕಬ್ಬಿಣಾಂಶದ ಕೊರತೆ. ಯೂರಿಯಾ ಹಾಕಿದರೆ ಇದು ಸರಿಯಾಗದು. ಲೀಟರ್ ನೀರಿಗೆ 5ರಿಂದ 10 ಗ್ರಾಂ ಕಬ್ಬಿಣದ ಸಲ್ಫೇಟ್ ಬೆರೆಸಿ, ವಾರದ ಅಂತರದಲ್ಲಿ ಎರಡು ಮೂರು ಬಾರಿ ಸಿಂಪಡಿಸಬೇಕು. ಸತುವಿನ ಕೊರತೆಯಿರುವ ಹೊಲಗಳಿಗೆ ಎಕರೆಗೆ 8ರಿಂದ 10 ಕೆ.ಜಿ. ಸತುವಿನ ಸಲ್ಫೇಟನ್ನು ರಂಜಕದ ಗೊಬ್ಬರದೊಡನೆ ಬೆರೆಸದೆ ಪ್ರತ್ಯೇಕವಾಗಿ ಕೊಡಬೇಕು. ಸಾರಜನಕವನ್ನು ಬಿತ್ತನೆಯಲ್ಲಿಯೇ ಹೆಚ್ಚು ಕೊಟ್ಟರೆ ಅದನ್ನು ಕಳೆಯೇ ಉಣ್ಣುತ್ತದೆ. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಮೂರು ನಾಲ್ಕು ಕಂತುಗಳಲ್ಲಿ ಕೊಡುವುದು ಸೂಕ್ತ.

ನೀರು ಕೊಡುವ ಕ್ರಮ

ಕೂರಿಗೆ ಭತ್ತದಲ್ಲಿ ಸದಾ ನೀರು ನಿಲ್ಲಿಸುವ ಅವಶ್ಯಕತೆಯಿಲ್ಲ. ಮಣ್ಣಿನ ಮೇಲೆ ಕೂದಲೆಳೆಯಂತಹ ಬಿರುಕು ಕಾಣಿಸಿಕೊಂಡಾಗ ನೀರು ಕೊಟ್ಟರೆ ಸಾಕು. ಎರೆ ಭೂಮಿಯಲ್ಲಿ ಬಿರುಕು ಅಗಲವಾಗಲು ಬಿಡಬಾರದು. ಬಿಟ್ಟರೆ ಮುಂದಿನ ನೀರೆಲ್ಲ ಬಿರುಕಿನಲ್ಲಿಯೇ ಇಳಿದುಹೋಗುತ್ತದೆ, ಬೇರೂ ಹರಿಯುತ್ತದೆ. ತೆನೆ ಕಟ್ಟುವ ಹಂತದಿಂದ ಹೂ ಬಿಟ್ಟು ಹಾಲು ತುಂಬುವವರೆಗೆ ತೇವದ ಕೊರತೆಯಾಗದಂತೆ ನೋಡಿಕೊಳ್ಳಬೇಕು. ಈ ಹಂತದಲ್ಲಿ ಉಳಿಸಿದ ನೀರು ಜೊಳ್ಳಿನ ರೂಪದಲ್ಲಿ ನಷ್ಟ ತರುತ್ತದೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕಾಲುವೆಯ ಮೇಲ್ಭಾಗದ ರೈತರು ಕೂರಿಗೆ ಬಿತ್ತನೆ ಮಾಡಿದರೂ ತೂಬನ್ನು ಮೊದಲಿನಂತೆಯೇ ತೆರೆದಿಟ್ಟರೆ, ಉಳಿದ ನೀರು ಹಳ್ಳ ಸೇರುತ್ತದೆಯೇ ಹೊರತು ಕೊನೆಭಾಗದ ಹೊಲವನ್ನಲ್ಲ. ಆದುದರಿಂದ ಒಬ್ಬೊಬ್ಬರಾಗಿ ಅಲ್ಲದೆ, ಒಂದು ತೂಬಿನ ಕೆಳಗಿನ ರೈತರೆಲ್ಲರೂ ನೀರು ಬಳಕೆದಾರರ ಸಹಕಾರ ಸಂಘದ ಸಭೆಯಲ್ಲಿ ಸೇರಿ ಸರದಿಯನ್ನು ನಿಗದಿಪಡಿಸಿಕೊಳ್ಳುವುದು ಅವಶ್ಯಕ.

ಕಟಾವಿನ ನಂತರ

ಭತ್ತದ ಕಟಾವಿಗೆ ಹತ್ತು ಹದಿನೈದು ದಿನ ಮೊದಲು ನೀರು ನಿಲ್ಲಿಸಿ, ಕಟಾವಾದ ಕೂಡಲೇ ಉಳುಮೆಯಿಲ್ಲದೆ ಕೂಳೆಯ ನಡುವೆ ಶೂನ್ಯ ಬೇಸಾಯದ ಕೂರಿಗೆಯಿಂದ ಕಡಲೆ ಬಿತ್ತಬಹುದು. ಉಳುಮೆ ಮಾಡಿದರೆ ಮಣ್ಣಿನ ತೇವ ಆರುತ್ತದೆ. ಮಾಡದಿದ್ದರೆ ಆ ತೇವವೇ ಬೆಳೆಯನ್ನು ಎಬ್ಬಿಸುತ್ತದೆ. ಭತ್ತದ ಹುಲ್ಲನ್ನು ಸುಡದೆ ಮೇವಿಗೆ ಬಳಸುವುದು ಅಥವಾ ಹೊಲದಲ್ಲಿ ಸಮನಾಗಿ ಹರಡಿ ಹೊದಿಕೆಯಾಗಿ ಉಳಿಸುವುದು ಒಳ್ಳೆಯದು.

ಕೂಲಿಯ ಪ್ರಶ್ನೆ

ನಾಟಿಯ ಕೆಲಸವು ನಮ್ಮ ಜಿಲ್ಲೆಯ ಸಾವಿರಾರು ಮಹಿಳೆಯರಿಗೆ ವರ್ಷದ ಮುಖ್ಯ ದುಡಿಮೆಯಾಗಿದೆ. ಕೂರಿಗೆ ಬಿತ್ತನೆ ಹೆಚ್ಚಿದಂತೆ ಆ ಕೆಲಸ ಕಡಿಮೆಯಾಗುತ್ತದೆ ಎಂಬುದನ್ನು ಮರೆಮಾಚುವಂತಿಲ್ಲ. ಕೈಗಳೆ ಕೆಲಸ ಉಳಿಯುತ್ತದೆ. ಹಿಂಗಾರಿನಲ್ಲಿ ಎರಡನೆಯ ಬೆಳೆ ನಿಂತರೆ ಅದರ ಕಳೆ, ಕಟಾವು, ಒಕ್ಕಣೆಯ ಕೆಲಸವೂ ಹುಟ್ಟುತ್ತದೆ. ಆದರೆ ಅದು ತಾನಾಗಿಯೇ ಆಗುವುದಿಲ್ಲ. ಭತ್ತದ ನಂತರ ಹೊಲವನ್ನು ಬೀಳು ಬಿಡದೆ ಬಿತ್ತಿದಾಗ ಮಾತ್ರ ಉಳಿತಾಯದ ಒಂದು ಪಾಲು ಕೂಲಿಕಾರ ಕುಟುಂಬಗಳಿಗೂ ತಲುಪುತ್ತದೆ. ಗ್ರಾಮ ಸಭೆಗಳಲ್ಲಿ ಹಂಗಾಮಿನ ಕೆಲಸಗಳನ್ನು ಚರ್ಚಿಸುವಾಗ ಈ ಅಂಶವನ್ನೂ ಪರಿಗಣಿಸುವುದು ಉಚಿತ.

ರೈತರಲ್ಲಿ ವಿನಂತಿ

ಮೊದಲ ವರ್ಷವೇ ಇಡೀ ಹೊಲದಲ್ಲಿ ಈ ಕ್ರಮವನ್ನು ಕೈಗೊಳ್ಳಬೇಡಿ. ಸಮತಟ್ಟಾದ, ಕಳೆ ಕಡಿಮೆಯಿರುವ ಒಂದು ಎಕರೆಯನ್ನು ಆರಿಸಿಕೊಂಡು, ಪಕ್ಕದ ಎಕರೆಯಲ್ಲಿ ಎಂದಿನಂತೆ ನಾಟಿ ಮಾಡಿ. ಎರಡಕ್ಕೂ ಬೀಜ, ಉಳುಮೆ, ಕೂಲಿ, ಔಷಧಿ, ಗೊಬ್ಬರಗಳ ಖರ್ಚು, ನೀರು ಕೊಟ್ಟ ದಿನಗಳು, ಕಟಾವಿನ ದಿನಾಂಕ ಮತ್ತು ಬಂದ ಚೀಲಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಿಮ್ಮ ಭೂಮಿಗೆ ಯಾವುದು ಸರಿ ಎಂಬುದನ್ನು ಆ ಲೆಕ್ಕವೇ ತಿಳಿಸುತ್ತದೆ.

ಕೂರಿಗೆ ಹಾಗೂ ಲೇಸರ್ ಸಮತಟ್ಟು ಯಂತ್ರದ ಬಾಡಿಗೆಯ ಬಗ್ಗೆ ಸಮೀಪದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿಯೂ, ತಳಿ, ಬೀಜ ಮತ್ತು ಕಳೆನಾಶಕಗಳ ಬಗ್ಗೆ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ವಿಚಾರಿಸಬಹುದು. ತಾಂತ್ರಿಕ ಸಲಹೆಗಾಗಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳನ್ನು ಸಂಪರ್ಕಿಸಬಹುದು. ಬಿತ್ತನೆಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿಕೊಳ್ಳುವಂತೆಯೂ, ಈ ಮಾಹಿತಿಯನ್ನು ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟಿಸಿ, ಓದಲು ಬಾರದ ರೈತರಿಗೆ ಓದಿ ತಿಳಿಸುವಂತೆಯೂ ಕೋರಲಾಗಿದೆ.